ಒಂದೇ ಹಾಡು, ಹಲವು ಮಿಕ್ಸ್: ಹಳೆಯ ರಾಕ್ ಆಲ್ಬಮ್‌ಗಳನ್ನು ಸರೌಂಡ್‌ನಲ್ಲಿ ಹೋಲಿಸಿ ಕೇಳುವುದು ಹೇಗೆ

ಪಿಂಕ್ ಫ್ಲಾಯ್ಡ್ ಅನ್ನುವ ರಾಕ್ ಬ್ಯಾಂಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ ನನ್ನ ಹತ್ತಿರ ನಾಲ್ಕು ಮಿಕ್ಸ್‌ಗಳಲ್ಲಿ ಇದೆ. ಮಿಕ್ಸ್ ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ವಾದ್ಯ, ದನಿಗಳನ್ನು ಬೆರೆಸಿ ಸ್ಪೀಕರ್‌ಗಳಿಗೆ ಹಂಚುವುದು. ಕೇಳುವವರ ಸುತ್ತಲೂ ಇರುವ ಸ್ಪೀಕರ್‌ಗಳಿಗೆ ಹಂಚಿದರೆ ಅದು ಸರೌಂಡ್. 1973ರ ಸ್ಟೀರಿಯೊ, ಆಗಿನದೇ ಕ್ವಾಡ್ (ನಾಲ್ಕು ಸ್ಪೀಕರ್‌ನದು), 2003ರ 5.1 (ಐದು ಸ್ಪೀಕರ್, ಜೊತೆಗೆ ತಗ್ಗಿನ ಶಬ್ದಕ್ಕೆ ಒಂದು ಸಬ್ ವೂಫರ್), 2023ರ ಅಟ್ಮಾಸ್ (ತಲೆಯ ಮೇಲಿನಿಂದಲೂ ಶಬ್ದ ಕೊಡಬಲ್ಲ ಡಾಲ್ಬಿ ಪದ್ಧತಿ). ಹಾಡು ಅವೇ, ನುಡಿಸಿದವರು ಅವರೇ. ಆದರೂ ಒಂದರಲ್ಲಿ ಮರೆಯಾಗಿದ್ದ ಗಿಟಾರ್ ಇನ್ನೊಂದರಲ್ಲಿ ಎದ್ದು ಬರುತ್ತದೆ, ಒಂದರಲ್ಲಿ ಎದುರಿಗಿದ್ದ ದನಿ ಇನ್ನೊಂದರಲ್ಲಿ ಕೋಣೆ ತುಂಬಾ ಹರಡಿಕೊಳ್ಳುತ್ತದೆ.

‘ಯಾವುದು ಚೆನ್ನಾಗಿದೆ?’ ಅಂತ ಗೆಳೆಯರು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವ ಮುಂಚೆ ಸರಿಯಾಗಿ ಹೋಲಿಸುವುದು ಹೇಗೆ ಅನ್ನೋದನ್ನು ಹೇಳಬೇಕು. ಯಾಕೆಂದರೆ ನಾನು ನೋಡಿದ ಹಾಗೆ ಬಹಳ ಜನ ಮಿಕ್ಸ್ ಹೋಲಿಸುತ್ತಿದ್ದೇವೆ ಅಂದುಕೊಂಡು ವಾಲ್ಯೂಮ್ ಹೋಲಿಸುತ್ತಿರುತ್ತಾರೆ. ಹಲವು ವರ್ಷ ನಾನೂ ಅದನ್ನೇ ಮಾಡಿದೆ. ಈಗ ಧಾರವಾಡದ ನಮ್ಮ ಮನೆಯಲ್ಲಿ ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ದುಬಾರಿ ಸಾಮಾನು ಬೇಕಿಲ್ಲ. ಐದು ಸ್ಪೀಕರ್, ಒಂದು ಸಬ್ ವೂಫರ್, ಸ್ಪೀಕರ್‌ಗಳಿಗೆಲ್ಲ ಶಬ್ದ ಹಂಚಿಕೊಡುವ ಒಂದು ರಿಸೀವರ್, ಒಂದು ನೋಟ್‌ಬುಕ್, ಜೊತೆಗೆ ತಾಳ್ಮೆ ಇರುವ ಒಬ್ಬ ಗೆಳೆಯ ಇದ್ದರೆ ಸಾಕು.

ಮೊದಲು ಕವರ್ ಓದಿ

ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. ಆಗಿಹೋದ ಪಲ್ಯಕ್ಕೆ ಇನ್ನೊಮ್ಮೆ ಒಗ್ಗರಣೆ ಕೊಡುವುದು ರೀಮಾಸ್ಟರ್. ಕಾಯಿಪಲ್ಲೆ ಹೆಚ್ಚುವುದರಿಂದಲೇ ಮತ್ತೆ ಶುರು ಮಾಡುವುದು ರೀಮಿಕ್ಸ್. ಅಂದರೆ ಡ್ರಮ್, ಬೇಸ್, ದನಿ ಎಲ್ಲ ಬೇರೆ ಬೇರೆ ಟ್ರ್ಯಾಕ್‌ನಲ್ಲಿರುವ ಮೂಲ ಟೇಪ್‌ಗೆ ವಾಪಸ್ ಹೋಗಿ, ಯಾವುದನ್ನು ಎಲ್ಲಿ ಕೂರಿಸಬೇಕು ಅಂತ ಹೊಸದಾಗಿ ತೀರ್ಮಾನ ಮಾಡುವುದು. ಮೂರನೆಯದು ಅಪ್‌ಮಿಕ್ಸ್. ಇದರಲ್ಲಿ ಎರಡು ಚಾನೆಲ್‌ನ ಸ್ಟೀರಿಯೊವನ್ನೇ ಯಂತ್ರ ಅಂದಾಜಿನ ಮೇಲೆ ಐದು ಸ್ಪೀಕರ್‌ಗೆ ಹಂಚುತ್ತದೆ. ಈ ಮೂರನೆಯದನ್ನು ಹೋಲಿಕೆಗೆ ತರಲೇಬೇಡಿ.

ಆಮೇಲೆ ಎರಡು ವಿಷಯ ಹುಡುಕಿ. ಮಿಕ್ಸ್ ಮಾಡಿದವರು ಯಾರು, ಮೂಲ ಟೇಪ್‌ನಲ್ಲಿ ಎಷ್ಟು ಟ್ರ್ಯಾಕ್ ಇದ್ದವು. ಈ ಎರಡನೆಯದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೀಟಲ್ಸ್ 1967ರಲ್ಲಿ ‘ಸಾರ್ಜೆಂಟ್ ಪೆಪ್ಪರ್ಸ್’ ಮಾಡಿದ್ದು ನಾಲ್ಕು ಟ್ರ್ಯಾಕ್ ಟೇಪ್ ಮೇಲೆ. ನಾಲ್ಕೂ ತುಂಬಿದ ಮೇಲೆ ಅವನ್ನು ಬೆರೆಸಿ ಇನ್ನೊಂದು ಟೇಪ್‌ನ ಒಂದೆರಡು ಟ್ರ್ಯಾಕ್‌ಗೆ ಇಳಿಸಿ, ಖಾಲಿಯಾದ ಜಾಗದಲ್ಲಿ ಮತ್ತೆ ರೆಕಾರ್ಡ್ ಮಾಡುತ್ತಿದ್ದರು. ಹಾಗೆ ಒಮ್ಮೆ ಬೆರೆತದ್ದನ್ನು ಬೇರೆ ಬೇರೆ ಸ್ಪೀಕರ್‌ಗೆ ಹಂಚುವುದು ಕಷ್ಟ. 2017ರಲ್ಲಿ ಜೈಲ್ಸ್ ಮಾರ್ಟಿನ್ ಮತ್ತು ಸ್ಯಾಮ್ ಒಕೆಲ್ ಅದನ್ನು ಹೊಸದಾಗಿ ಮಿಕ್ಸ್ ಮಾಡುವಾಗ ಬೆರೆಸುವುದಕ್ಕೂ ಮುಂಚಿನ ಟೇಪ್‌ಗಳಿಗೆ ಹೋದರು. ಬೀಟಲ್ಸ್‌ನ 1969ರ ‘ಆ್ಯಬಿ ರೋಡ್’ ಹೊತ್ತಿಗೆ ಎಂಟು ಟ್ರ್ಯಾಕ್ ಬಂದಿತ್ತು. ‘ಡಾರ್ಕ್ ಸೈಡ್’ ಹದಿನಾರು ಟ್ರ್ಯಾಕ್‌ನ ಆಲ್ಬಮ್. ಇದು ಗೊತ್ತಿದ್ದರೆ, 1960ರ ದಶಕದ ಆಲ್ಬಮ್‌ನಲ್ಲಿ ಹಿಂದಿನ ಸ್ಪೀಕರ್ ಸುಮ್ಮನಿದೆ ಅಂತ ಮಿಕ್ಸ್ ಮಾಡಿದವರ ಮೇಲೆ ಸಿಟ್ಟಾಗುವುದಿಲ್ಲ.

ಕ್ವಾಡ್ ಬಗ್ಗೆಯೂ ಒಂದು ಮಾತು. 1970ರ ದಶಕದ ಕ್ವಾಡ್‌ನಲ್ಲಿ ನಾಲ್ಕೇ ಸ್ಪೀಕರ್, ಮುಂದೆ ಎರಡು, ಹಿಂದೆ ಎರಡು. ನಡುವಿನ ಸ್ಪೀಕರ್ ಇಲ್ಲ, ಸಬ್ ವೂಫರ್‌ಗೆ ಬೇರೆ ಚಾನೆಲ್ ಇಲ್ಲ. ಆಗ ಅದನ್ನು ಎಲ್‌ಪಿಯಲ್ಲಿ ಕೊಡಲು ಎಸ್‌ಕ್ಯೂ ಅನ್ನುವ ಪದ್ಧತಿಯಲ್ಲಿ ನಾಲ್ಕು ಚಾನೆಲ್ ಅನ್ನು ಎರಡಕ್ಕೆ ಮಡಚಿ ಇಡುತ್ತಿದ್ದರು. ಸಾಧಾರಣ ಡಿಕೋಡರ್‌ನಲ್ಲಿ ಬಿಚ್ಚಿದರೆ ಮುಂದಿನದಕ್ಕೂ ಹಿಂದಿನದಕ್ಕೂ 3 ಡೆಸಿಬೆಲ್‌ನಷ್ಟೇ ಅಂತರ ಸಿಗುತ್ತಿತ್ತು. ಅಂದರೆ ಎಲ್ಲ ಕಲಸುಮೇಲೋಗರ. ‘ಕ್ವಾಡ್ ಏನೂ ಚೆನ್ನಾಗಿರಲಿಲ್ಲ’ ಅಂತ ಯಾರಾದರೂ ಹೇಳಿದರೆ ಅವರು ಕೇಳಿದ್ದು ಆ ಎಲ್‌ಪಿ ಇರಬಹುದು, ಮಿಕ್ಸ್ ಅಲ್ಲ. ಈಗ ಅದೇ ಮಿಕ್ಸ್‌ಗಳು ಡಿಸ್ಕ್‌ನಲ್ಲಿ ನಾಲ್ಕು ಪ್ರತ್ಯೇಕ ಚಾನೆಲ್‌ಗಳಾಗಿ ಸಿಗುತ್ತವೆ. ಅದನ್ನೇ ಕೇಳಿ.

ಕೋಣೆ ಸಿದ್ಧ ಮಾಡಿಕೊಳ್ಳಿ

ನಮ್ಮ ಕಡೆಯ ಮನೆಗಳಲ್ಲಿ ಕಲ್ಲಿನ ಇಲ್ಲವೇ ಟೈಲ್ಸ್ ನೆಲ, ಬರಿ ಗೋಡೆ. ಚಪ್ಪಾಳೆ ತಟ್ಟಿದರೆ ‘ಟಣ್’ ಅಂತ ವಾಪಸ್ ಬರುತ್ತದೆ. ಈ ಪ್ರತಿಧ್ವನಿ ಹಿಂದಿನ ಸ್ಪೀಕರ್‌ನ ಕೆಲಸವನ್ನೆಲ್ಲ ಕೆಡಿಸುತ್ತದೆ, ಯಾಕೆಂದರೆ ಹಿಂದಿನ ಸ್ಪೀಕರ್‌ನಿಂದ ಬಂದದ್ದು ಯಾವುದು, ಗೋಡೆಯಿಂದ ತಿರುಗಿ ಬಂದದ್ದು ಯಾವುದು ಅಂತ ಕಿವಿಗೆ ತಿಳಿಯುವುದಿಲ್ಲ. ನನಗೆ ಕೈಹಿಡಿದದ್ದು ನವಲಗುಂದದ ಜಮಖಾನ. ಸ್ಪೀಕರ್‌ಗಳಿಗೂ ಕೂರುವ ಜಾಗಕ್ಕೂ ನಡುವೆ ಅದನ್ನು ಹಾಸಿದೆ. ಎರಡೂ ಪಕ್ಕದ ಗೋಡೆಗೆ ಅಜ್ಜಿ ಹೊಲಿದ ದಪ್ಪ ಕೌದಿಗಳನ್ನು ತೂಗುಬಿಟ್ಟೆ. ಬೆನ್ನ ಹಿಂದೆ ಪುಸ್ತಕದ ಕಪಾಟು. ಇಷ್ಟಕ್ಕೇ ಕೋಣೆ ಎಷ್ಟು ಬದಲಾಯಿತು ಅಂದರೆ, ಆಮೇಲೆ ಹೊಸ ಸ್ಪೀಕರ್ ಕೊಳ್ಳುವ ಯೋಚನೆಯನ್ನೇ ಬಿಟ್ಟೆ.

ಕೂರುವ ಜಾಗದಿಂದ ನೋಡಿದರೆ ನಡುವಿನ ಸ್ಪೀಕರ್ ನೇರ ಎದುರಿಗೆ, ಮುಂದಿನ ಎರಡು ಎಡಕ್ಕೂ ಬಲಕ್ಕೂ 30 ಡಿಗ್ರಿಯಲ್ಲಿ, ಹಿಂದಿನ ಎರಡು ಸುಮಾರು 110 ಡಿಗ್ರಿಯಲ್ಲಿ ಇರಬೇಕು. ಅಂದರೆ ಹಿಂದಿನವು ನಿಮ್ಮ ಭುಜಕ್ಕಿಂತ ಸ್ವಲ್ಪ ಹಿಂದೆ, ಬೆನ್ನ ಹಿಂದಿನ ಗೋಡೆಯ ಮೂಲೆಯಲ್ಲಲ್ಲ. ಕ್ವಾಡ್‌ನ ಕಾಲದಲ್ಲಿ ಸ್ಪೀಕರ್‌ಗಳನ್ನು ಕೋಣೆಯ ನಾಲ್ಕು ಮೂಲೆಗೆ ಇಡುತ್ತಿದ್ದರು. ಹಾಗಾಗಿ ಕ್ವಾಡ್ ಕೇಳುವಾಗ ಹಿಂದಿನವನ್ನು ಇನ್ನಷ್ಟು ಹಿಂದಕ್ಕೆ ಸರಿಸಿ ಒಮ್ಮೆ ಕೇಳಿ ನೋಡಿ. ಟೇಪ್ ಹಿಡಿದು ಪ್ರತಿ ಸ್ಪೀಕರ್‌ನ ದೂರ ಅಳೆದು ರಿಸೀವರ್‌ಗೆ ಕೊಡಿ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಹತ್ತಿರದ ಸ್ಪೀಕರ್‌ನ ಶಬ್ದವನ್ನು ಎಷ್ಟು ತಡೆದು ಬಿಡಬೇಕು ಅಂತ ರಿಸೀವರ್ ಆ ಲೆಕ್ಕದ ಮೇಲೆ ತೀರ್ಮಾನಿಸುತ್ತದೆ.

ಹೊತ್ತು ಕೂಡ ಮುಖ್ಯ. ಬಸ್ಸುಗಳು ಓಡಾಡುವ ಬಿಆರ್‌ಟಿಎಸ್ ರಸ್ತೆ ಪಕ್ಕದ ಮನೆಯಾದರೆ ರಾತ್ರಿ ಹನ್ನೊಂದರ ಮೇಲೆ ಕೇಳಿ. ಹಂಚಿನ ಮನೆಯಾದರೆ ಜೋರು ಮಳೆಯ ದಿನ ಹೋಲಿಕೆ ಬೇಡ, ಹಿಂದಿನ ಚಾನೆಲ್‌ನ ಸಣ್ಣ ಶಬ್ದಗಳನ್ನೆಲ್ಲ ಮಳೆ ನುಂಗಿಬಿಡುತ್ತದೆ.

ತಂತಿಗಳನ್ನು ನೀವೇ ಪರೀಕ್ಷಿಸಿ

ಇದನ್ನು ಬಿಡಬೇಡಿ. ನಮ್ಮ ಮನೆಗೆ ರಿಸೀವರ್ ಬಂದಾಗ ಅಂಗಡಿಯ ಹುಡುಗರೇ ಬಂದು ಜೋಡಿಸಿ ಹೋದರು. ಹಿಂದಿನ ಎಡ-ಬಲ ಅದಲುಬದಲಾಗಿತ್ತು, ಒಂದು ಸ್ಪೀಕರ್‌ನ ಪ್ಲಸ್-ಮೈನಸ್ ತಿರುಗಿತ್ತು. ಮೂರು ತಿಂಗಳು ನನಗೆ ತಿಳಿಯಲಿಲ್ಲ. ಒಂದು ಹೆಸರಾಂತ 5.1 ಮಿಕ್ಸ್ ತೆಳು, ಬೇಸ್ ಇಲ್ಲ ಅಂತ ಮೂರ್ನಾಲ್ಕು ಜನರ ಮುಂದೆ ಹೇಳಿಯೂಬಿಟ್ಟಿದ್ದೆ. ಅದು ಇವತ್ತಿಗೂ ನನಗೆ ಬೇಜಾರು.

ರಿಸೀವರ್‌ನ ಟೆಸ್ಟ್ ಟೋನ್ ಹಾಕಿ, ‘ಸರೌಂಡ್ ಲೆಫ್ಟ್’ ಅಂತ ತೋರಿಸಿದಾಗ ಎದ್ದು ಹೋಗಿ ಆ ಸ್ಪೀಕರ್‌ಗೇ ಕಿವಿ ಕೊಡಿ. ಪ್ಲಸ್-ಮೈನಸ್ ನೋಡಲು ತಂತಿಯ ಗುರುತನ್ನು ಎರಡೂ ತುದಿಯಲ್ಲಿ ಕಣ್ಣಾರೆ ನೋಡಿ. ಎರಡು ಸ್ಪೀಕರ್ ನಡುವೆ ಇದು ತಿರುಗಿದ್ದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಬೇಸ್ ಕರಗಿಹೋಗುತ್ತದೆ, ನಡುವೆ ನಿಲ್ಲಬೇಕಾದ ದನಿ ಎಲ್ಲೂ ನಿಲ್ಲುವುದಿಲ್ಲ.

ಡಿವಿಡಿ-ಆಡಿಯೊ ಮತ್ತು ಎಸ್‌ಎಸಿಡಿ (ಸಾಧಾರಣ ಸಿಡಿಗಿಂತ ಮೇಲಿನ ಗುಣಮಟ್ಟದ ಸಂಗೀತದ ಡಿಸ್ಕ್‌ಗಳು) ಕೇಳುವವರಿಗೆ ಇನ್ನೊಂದು ವಿಷಯ. ಈ ಡಿಸ್ಕ್‌ಗಳ ಒಳ್ಳೆಯ ಗುಣಮಟ್ಟದ ಸರೌಂಡ್ ಆಪ್ಟಿಕಲ್ ತಂತಿಯಲ್ಲಿ ಹೋಗುವುದಿಲ್ಲ. ಎಚ್‌ಡಿಎಂಐ ಬೇಕು, ಇಲ್ಲವೇ ಹಳೆಯ ಪ್ಲೇಯರ್ ಆದರೆ ಆರು ಆರ್‌ಸಿಎ ತಂತಿ. ಅವು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಕಡೆ ಒಂದು ಸುತ್ತು ಹಾಕಿದರೆ ಸಿಗುತ್ತವೆ. ಬಣ್ಣ ಬೇರೆ ಬೇರೆ ಇರುವುದನ್ನೇ ತನ್ನಿ, ಆರೂ ಕಪ್ಪು ತಂತಿಯಾದರೆ ಹಿಂದೆ ಕೈಹಾಕಿ ಹುಡುಕುವುದು ದೊಡ್ಡ ತಲೆನೋವು.

ರಿಸೀವರ್‌ನ ಬುದ್ಧಿವಂತಿಕೆ ಆಫ್ ಮಾಡಿ

ನೈಟ್ ಮೋಡ್, ಡೈನಾಮಿಕ್ ವಾಲ್ಯೂಮ್, ಅಪ್‌ಮಿಕ್ಸ್, ‘ಹಾಲ್’, ‘ರಾಕ್’ ಅನ್ನುವ ಮೋಡ್‌ಗಳು, ಎಲ್ಲ ಆಫ್. ಕ್ವಾಡ್ ಹಾಕಿದಾಗ ನಡುವಿನ ಸ್ಪೀಕರ್‌ನಿಂದ ಶಬ್ದ ಬರುತ್ತಿದ್ದರೆ ಯಾವುದೋ ಮೋಡ್ ಇನ್ನೂ ಆನ್ ಇದೆ ಅಂತಲೇ ಅರ್ಥ. ಮೈಕ್ ಇಟ್ಟು ಮಾಡುವ ಕೋಣೆ ತಿದ್ದುಪಡಿ ಬೇಕಾದರೆ ಇರಲಿ, ಆದರೆ ಹೋಲಿಕೆಯ ನಡುವೆ ಅದನ್ನು ಬದಲಿಸಬೇಡಿ.

ವಾಲ್ಯೂಮ್ ಸಮ ಮಾಡಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಎರಡು ಮಿಕ್ಸ್‌ಗಳಲ್ಲಿ ಒಂದು 1 ಡೆಸಿಬೆಲ್ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಮೆಚ್ಚುತ್ತದೆ. ‘ಇದು ಜೋರಾಗಿದೆ’ ಅಂತ ಮನಸ್ಸಿಗೆ ಅನಿಸುವುದೇ ಇಲ್ಲ. ‘ಇದು ಸ್ಪಷ್ಟವಾಗಿದೆ, ಇದರಲ್ಲಿ ಜೀವ ಇದೆ’ ಅಂತ ಅನಿಸುತ್ತದೆ.

ಮೊದಲು ಐದೂ ಸ್ಪೀಕರ್ ಒಂದಕ್ಕೊಂದು ಸಮ ಇರಬೇಕು. ಶಬ್ದ ಅಳೆಯುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಳ್ಳಿ, ಅದರಲ್ಲಿ ‘ಸಿ’ ಮತ್ತು ‘ಸ್ಲೋ’ ಆರಿಸಿ, ಕೂತಾಗ ನಿಮ್ಮ ತಲೆ ಇರುವ ಎತ್ತರಕ್ಕೆ ಫೋನ್ ಇಟ್ಟು, ಟೆಸ್ಟ್ ಟೋನ್‌ಗೆ ಪ್ರತಿ ಸ್ಪೀಕರ್ 75 ಡೆಸಿಬೆಲ್ ತೋರಿಸುವ ಹಾಗೆ ಹೊಂದಿಸಿ. ಫೋನಿನ ಲೆಕ್ಕ ಕರಾರುವಾಕ್ಕಾಗಿ ಇರದಿದ್ದರೂ ಪರವಾಗಿಲ್ಲ, ಐದಕ್ಕೂ ಅದೇ ಫೋನ್ ಅಲ್ವಾ.

ಆಮೇಲೆ ಮಿಕ್ಸ್‌ಗಳ ಸರದಿ. ಹಾಡಿನ ಅದೇ ಅರ್ಧ ನಿಮಿಷವನ್ನು ಎರಡರಲ್ಲೂ ಹಾಕಿ, ಆ್ಯಪ್ ತೋರಿಸುವ ಸರಾಸರಿ ಬರೆದುಕೊಳ್ಳಿ. ಒಂದು 72, ಇನ್ನೊಂದು 75 ಬಂದರೆ ಜೋರಿರುವುದನ್ನು 3 ಇಳಿಸಿ. ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಡಿಸ್ಕ್‌ನ ಮುಂದೆ ರಿಸೀವರ್‌ನ ವಾಲ್ಯೂಮ್ ಅಂಕಿ ಬರೆದಿಟ್ಟಿದ್ದೇನೆ, ಮುಂದಿನ ಸಲ ನೇರವಾಗಿ ಅಲ್ಲಿಗೇ ಹೋಗುತ್ತೇನೆ.

ಈ ವ್ಯತ್ಯಾಸ ಎಲ್ಲೆಲ್ಲಿ ಅಡಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಒಂದೇ ಡಿವಿಡಿಯಲ್ಲಿ ಡಾಲ್ಬಿ ಮತ್ತು ಡಿಟಿಎಸ್ (ಸರೌಂಡ್ ಶಬ್ದ ತುಂಬಿಡುವ ಎರಡು ಪದ್ಧತಿಗಳು) ಎರಡೂ ಇದ್ದರೆ ಡಾಲ್ಬಿ 4 ಡೆಸಿಬೆಲ್‌ನಷ್ಟು ಮೆಲ್ಲಗೆ ಕೇಳಬಹುದು. ಸಿನಿಮಾ ಮಾತಿನ ಮಟ್ಟ ಒಂದೇ ಸಮ ಇರಲಿ ಅಂತ ಡಾಲ್ಬಿಯಲ್ಲಿ ಇಟ್ಟಿರುವ ಒಂದು ಸಂಖ್ಯೆ ಅದಕ್ಕೆ ಕಾರಣ. ‘ಡಿಟಿಎಸ್ ಯಾವಾಗಲೂ ಚೆನ್ನ’ ಅನ್ನುವ ನಂಬಿಕೆಗೆ ಇದರ ಪಾಲೂ ಇದೆ ಅಂತ ನನ್ನ ಅನಿಸಿಕೆ. ಹಾಗೆಯೇ ಅಟ್ಮಾಸ್ ಸಂಗೀತವನ್ನು ಸರಾಸರಿ ಮೈನಸ್ 18 ಎಲ್‌ಕೆಎಫ್‌ಎಸ್ (ಶಬ್ದ ಎಷ್ಟು ಜೋರು ಅಂತ ಅಳೆಯುವ ಮಾನ) ಮಟ್ಟ ಮೀರದ ಹಾಗೆ ತಯಾರಿಸಬೇಕು ಅಂತ ನಿಯಮ ಇದೆ. ಸ್ಟೀರಿಯೊ ರೀಮಾಸ್ಟರ್‌ಗಳು ಅದಕ್ಕಿಂತ ಎಷ್ಟೋ ಜೋರಾಗಿರುತ್ತವೆ. ಸ್ಟೀರಿಯೊದಿಂದ ಅಟ್ಮಾಸ್‌ಗೆ ಬದಲಿಸಿದ ಕೂಡಲೇ ‘ಸಪ್ಪೆ’ ಅನಿಸುವುದು ಅದಕ್ಕೇ. ವಾಲ್ಯೂಮ್ ಏರಿಸಿ, ಮತ್ತೆ ಕೇಳಿ, ಆಮೇಲೆ ಮಾತಾಡಿ.

ಬೇಸ್ ಬಗ್ಗೆ ಎಚ್ಚರ. 5.1ರಲ್ಲಿ ತಗ್ಗಿನ ಶಬ್ದಕ್ಕೆಂದೇ ಇರುವ ಆ ‘.1’ ಚಾನೆಲ್ ಅನ್ನು ಕೇಳುವಾಗ 10 ಡೆಸಿಬೆಲ್ ಎತ್ತಿ ಕೊಡಬೇಕು ಅನ್ನುವುದು ಪದ್ಧತಿ. ಆರು ತಂತಿ ಹಾಕುವ ಜೋಡಣೆಗಳಲ್ಲಿ ಈ ಏರಿಕೆ ಕೆಲವೊಮ್ಮೆ ತಪ್ಪಿಹೋಗುತ್ತದೆ. ಆಗ ಅಷ್ಟೂ ಡಿಸ್ಕ್‌ಗಳು ತೆಳುವಾಗಿ ಕೇಳುತ್ತವೆ. ಒಂದೇ ಡಿಸ್ಕ್ ತೆಳುವಾದರೆ ಮಿಕ್ಸ್ ನೋಡಿ, ಎಲ್ಲವೂ ತೆಳುವಾದರೆ ಜೋಡಣೆ ನೋಡಿ.

ಸಣ್ಣ ತುಣುಕು, ಒಂದು ಸಲಕ್ಕೆ ಒಂದೇ ವಾದ್ಯ

ಇಡೀ ಆಲ್ಬಮ್ ಕೇಳಿ ಮುಗಿಸಿ ಇನ್ನೊಂದು ಹಾಕಿದರೆ ಹೋಲಿಕೆ ಆಗುವುದಿಲ್ಲ. ಶಬ್ದದ ಸೂಕ್ಷ್ಮಗಳು ನೆನಪಿನಲ್ಲಿ ಕೆಲವು ಸೆಕೆಂಡು ಮಾತ್ರ ನಿಲ್ಲುತ್ತವೆ. ಒಂದು ನಿಮಿಷದ ತುಣುಕು ಆರಿಸಿ.

ಚಿಕ್ಕವನಿದ್ದಾಗ ನಮ್ಮ ಕಾಕಾ ನನ್ನನ್ನು ಧಾರವಾಡದ ಬೈಠಕ್‌ಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಕೂರಿಸಿ ಹೇಳುತ್ತಿದ್ದರು: ‘ತಮ್ಮಾ, ಇವತ್ತ ಬರೇ ತಬಲಾ ಕೇಳು. ಹಾಡು ತಾನ ಕಿವಿಗೆ ಬೀಳ್ತೈತಿ.’ ಮುಂದಿನ ಸಲ ಬರಿ ಹಾರ್ಮೋನಿಯಂ. ಅದರ ಮುಂದಿನ ಸಲ ತಂಬೂರಿ. ಮಿಕ್ಸ್ ಕೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಇನ್ನೂ ಸಿಕ್ಕಿಲ್ಲ. ಒಂದು ಸುತ್ತು ಬೇಸ್ ಗಿಟಾರ್ ಮಾತ್ರ, ಎರಡೂ ಮಿಕ್ಸ್‌ನಲ್ಲಿ. ಮತ್ತೊಂದು ಸುತ್ತು ದನಿ ಮಾತ್ರ. ಆಮೇಲೆ ಡ್ರಮ್‌ನ ತಾಳಗಳು (ಸಿಂಬಲ್). ಪ್ರತಿ ಸುತ್ತಿಗೂ ಒಂದು ಸಾಲು ಬರೆಯಿರಿ.

ತಂಬೂರಿಯ ವಿಷಯ ಬಂತಲ್ಲ. ಗವಾಯಿಗಳ ಬೆನ್ನ ಹಿಂದೆ ತಂಬೂರಿ ಹಿಡಿದು ಕೂತವರು ಇರುತ್ತಾರೆ. ಎದುರಿಗೆ ಕೂತ ನಮಗೆ ಆ ನಾದ ಎಲ್ಲಿಂದ ಬರುತ್ತಿದೆ ಅಂತ ಅನಿಸುವುದೂ ಇಲ್ಲ, ಆದರೆ ನಿಂತುಹೋದರೆ ಇಡೀ ಹಾಡು ಬರಿದಾಗುತ್ತದೆ. ಹಾಡುವವರಿಗೆ ಮಾತ್ರ ಅದು ಹಿಂದಿನಿಂದ ತುಂಬಿ ಬರುತ್ತಿರುತ್ತದೆ. ಸರೌಂಡ್ ಮಿಕ್ಸ್‌ಗಳಲ್ಲೂ ಈ ಎರಡು ಬಗೆ ಇವೆ. ಒಂದು ನಿಮ್ಮನ್ನು ಸಭೆಯಲ್ಲಿ ಕೂರಿಸುತ್ತದೆ: ವಾದ್ಯಗಳೆಲ್ಲ ಎದುರಿಗೆ, ಹಿಂದೆ ಸಭಾಂಗಣದ ಗುಂಗು ಮಾತ್ರ. ಇನ್ನೊಂದು ನಿಮ್ಮನ್ನು ವೇದಿಕೆಯ ಮೇಲೆ, ನುಡಿಸುವವರ ನಡುವೆಯೇ ಕೂರಿಸುತ್ತದೆ. ಕೇಳುತ್ತಿರುವ ಮಿಕ್ಸ್ ಯಾವ ಬಗೆಯದು ಅಂತ ಮೊದಲು ಗುರುತಿಸಿ. ಸಭೆಯ ಮಿಕ್ಸ್‌ನಲ್ಲಿ ಹಿಂದಿನಿಂದ ಗಿಟಾರ್ ಬರಲಿಲ್ಲ ಅಂತ ಅಂಕ ಕಳೆಯುವುದು ಸರಿಯಲ್ಲ.

‘ಮನಿ’ ಹಾಡಿನ ಮೇಲೆ ಒಂದು ಪ್ರಯೋಗ

2011ರಲ್ಲಿ ಬಂದ ‘ಡಾರ್ಕ್ ಸೈಡ್’ನ ಇಮ್ಮರ್ಶನ್ ಬಾಕ್ಸ್ ಅನ್ನುವ ಹಲವು ಡಿಸ್ಕ್‌ಗಳ ಸೆಟ್‌ನ ಡಿವಿಡಿಯಲ್ಲಿ ಆಲನ್ ಪಾರ್ಸನ್ಸ್ ಅವರ ಕ್ವಾಡ್ ಮಿಕ್ಸ್ ಮತ್ತು ಜೇಮ್ಸ್ ಗತ್ರಿ ಅವರ 2003ರ 5.1 ಮಿಕ್ಸ್ ಎರಡೂ ಇವೆ. ಒಂದೇ ಡಿಸ್ಕ್, ಒಂದೇ ಪ್ಲೇಯರ್, ಹಾಗಾಗಿ ಹೋಲಿಕೆ ನ್ಯಾಯವಾಗಿರುತ್ತದೆ. ಪಾರ್ಸನ್ಸ್ ಮೂಲ ಆಲ್ಬಮ್‌ನ ರೆಕಾರ್ಡಿಂಗ್ ಎಂಜಿನಿಯರ್. ಗತ್ರಿ ಮುಂದೆ ‘ದಿ ವಾಲ್’ ಆಲ್ಬಮ್‌ನಿಂದ ಬ್ಯಾಂಡ್ ಜೊತೆ ಕೆಲಸ ಮಾಡಿದವರು.

‘ಮನಿ’ ಶುರುವಾಗುವುದು ನಾಣ್ಯ, ಹರಿಯುವ ಕಾಗದ, ಗಲ್ಲಾಪೆಟ್ಟಿಗೆಯ ಶಬ್ದಗಳಿಂದ. ಏಳು ಮಾತ್ರೆಯ ಒಂದು ಸುತ್ತು. ನಮ್ಮ ಕಡೆಯವರು ಹಿಂದೂಸ್ತಾನಿಯ ರೂಪಕ ತಾಳ ಎಣಿಸಿದ ಹಾಗೆ ಬೆರಳಲ್ಲೇ ಎಣಿಸಬಹುದು. ಟೇಪ್ ಚೂರುಗಳನ್ನು ಅಳೆದು ಕತ್ತರಿಸಿ ಅಂಟಿಸಿ ಮಾಡಿದ ಸುತ್ತು ಅದು. ಅದನ್ನು ನಾಲ್ಕು ಟ್ರ್ಯಾಕ್‌ನಲ್ಲಿ ಮಾಡಿದ್ದೇ ಕ್ವಾಡ್‌ನಲ್ಲಿ ಶಬ್ದಗಳು ಕೋಣೆಯ ಸುತ್ತ ನಡೆಯಲಿ ಅಂತ. ಮೊದಲ ಸುತ್ತಿನಲ್ಲಿ ಇದನ್ನಷ್ಟೇ ಕೇಳಿ: ಯಾವ ಶಬ್ದ ಯಾವ ಮೂಲೆಯಲ್ಲಿ? ಕಾಗದದಲ್ಲಿ ಚೌಕ ಬರೆದು ಏಳು ಅಂಕಿಗಳನ್ನು ಅದರೊಳಗೆ ಗುರುತು ಮಾಡಿ. ಎರಡೂ ಮಿಕ್ಸ್‌ಗೆ ಒಂದೊಂದು ಚೌಕ. ಆಮೇಲೆ ಬೇಸ್ ಗಿಟಾರ್ ಬರುತ್ತದೆ. ಅದು ಬಂದಾಗ ಗಲ್ಲಾಪೆಟ್ಟಿಗೆ ಎಷ್ಟು ಹೊತ್ತು ಉಳಿಯುತ್ತದೆ ಅಂತಲೂ ನೋಡಿ.

ನಿಜವಾದ ಪರೀಕ್ಷೆ ಇರುವುದು ಗಿಟಾರ್ ಸೋಲೊದಲ್ಲಿ. ಡಿಕ್ ಪ್ಯಾರಿಯವರ ಸ್ಯಾಕ್ಸೋಫೋನ್ ಮುಗಿದ ಮೇಲೆ ಹಾಡು ಏಳರಿಂದ ನಾಲ್ಕು ಮಾತ್ರೆಗೆ ಬರುತ್ತದೆ. ಡೇವಿಡ್ ಗಿಲ್ಮೋರ್ ಮೂರು ಸುತ್ತು ನುಡಿಸುತ್ತಾರೆ. ಮೊದಲನೆಯದು ಪ್ರತಿಧ್ವನಿ ತುಂಬಿದ ದೊಡ್ಡ ಶಬ್ದ. ಎರಡನೆಯದರಲ್ಲಿ ಆ ಪ್ರತಿಧ್ವನಿಯೆಲ್ಲ ಹೋಗಿ ಶಬ್ದ ಒಣಗುತ್ತದೆ, ಜೊತೆಯ ವಾದ್ಯಗಳೂ ಇಳಿಯುತ್ತವೆ. ಮೂರನೆಯದರಲ್ಲಿ ಮತ್ತೆ ಎಲ್ಲ ತುಂಬಿ ಬರುತ್ತದೆ. ಸ್ಟೀರಿಯೊದಲ್ಲೇ ಇದು ಚೆನ್ನಾಗಿ ತಿಳಿಯುತ್ತದೆ. ಸರೌಂಡ್‌ನಲ್ಲಿ ನಾನು ಹುಡುಕುವುದು ಇಷ್ಟು: ಎರಡನೇ ಸುತ್ತಿಗೆ ಕೋಣೆ ಚಿಕ್ಕದಾಗುತ್ತದೆಯೇ, ಮೂರನೇ ಸುತ್ತಿಗೆ ಗೋಡೆಗಳು ಹಿಂದೆ ಸರಿಯುತ್ತವೆಯೇ? ಆ ಜಾಗದಲ್ಲಿ ಹಾಡು ಬೇಡುತ್ತಿರುವುದು ಅದನ್ನೇ. ಅದಾಗದಿದ್ದರೆ ಸುತ್ತಲೂ ಎಷ್ಟು ಶಬ್ದ ಓಡಾಡಿದರೂ ನನಗೆ ಆ ಮಿಕ್ಸ್ ಸೇರುವುದಿಲ್ಲ.

ನನ್ನ ಅಭಿಪ್ರಾಯ: ಪಾರ್ಸನ್ಸ್ ಅವರದು ಧೈರ್ಯದ ಮಿಕ್ಸ್, ಮೂಲೆಗಳನ್ನು ಪೂರ್ತಿ ಬಳಸಿಕೊಳ್ಳುತ್ತದೆ. ಗತ್ರಿ ಅವರದು ನುಣುಪು, ಒಂದಕ್ಕೊಂದು ಹೊಂದಿಕೊಂಡು ಹೋಗುತ್ತದೆ, ತಳದ ಬೇಸ್ ಗಟ್ಟಿ. ‘ಆನ್ ದ ರನ್’ಗೆ ನಾನು ಕ್ವಾಡ್ ಹಾಕುತ್ತೇನೆ, ಕ್ಲೇರ್ ಟೋರಿ ಹಾಡಿದ ‘ದಿ ಗ್ರೇಟ್ ಗಿಗ್ ಇನ್ ದ ಸ್ಕೈ’ಗೆ 5.1. ಒಂದೇ ಆಲ್ಬಮ್‌ನಲ್ಲೂ ಹಾಡಿನಿಂದ ಹಾಡಿಗೆ ತೀರ್ಪು ಬದಲಾಗಬಹುದು, ಆಗಲಿ ಬಿಡಿ.

ಒಂದೊಂದೇ ಸ್ಪೀಕರ್ ಕೇಳಿ, ಆದರೆ ಕೊನೆಯಲ್ಲಿ

ಹಿಂದಿನ ಎರಡು ಸ್ಪೀಕರ್ ಬಿಟ್ಟು ಉಳಿದವುಗಳ ತಂತಿ ತೆಗೆದು ಕೇಳಿ. ತೆಗೆಯುವ ಮುಂಚೆ ರಿಸೀವರ್ ಆಫ್ ಮಾಡಿರಬೇಕು. ಕ್ವೀನ್‌ನ ‘ಎ ನೈಟ್ ಅಟ್ ದಿ ಆಪೆರಾ’ 2002ರಲ್ಲಿ ಡಿವಿಡಿ-ಆಡಿಯೊ ಆಗಿ ಬಂತು. ಅದರಲ್ಲಿ ಮೂರು ಜನರ ದನಿಯನ್ನೇ ಪದರದ ಮೇಲೆ ಪದರ ಹಾಕಿ ಕಟ್ಟಿದ ಕೋರಸ್‌ಗಳಿವೆ. ಯಾವ ಪದರ ಎಲ್ಲಿಗೆ ಹೋಗಿದೆ ಅಂತ ಹೀಗೆ ಕೇಳಿದಾಗ ಬಿಡಿಬಿಡಿಯಾಗಿ ತಿಳಿಯುತ್ತದೆ. ಫೈಲ್ ಇದ್ದರೆ ಕಂಪ್ಯೂಟರ್‌ನಲ್ಲಿ ಶಬ್ದ ತಿದ್ದುವ ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ, ಆರು ಸಾಲು ಕಾಣುತ್ತವೆ, ಬೇಕಾದ್ದನ್ನು ಮಾತ್ರ ನುಡಿಸಬಹುದು.

ಆದರೆ ಇದನ್ನು ಮೊದಲೇ ಮಾಡಬೇಡಿ. ಹಿಂದೆ ಏನಿದೆ ಅಂತ ಒಮ್ಮೆ ಗೊತ್ತಾದರೆ ಆಮೇಲೆ ಕಿವಿ ಅದನ್ನೇ ಹುಡುಕುತ್ತದೆ, ಹಾಡು ಕೇಳುವುದಿಲ್ಲ.

ಗೆಳೆಯನ ಕೈಗೆ ರಿಮೋಟ್ ಕೊಡಿ

ಯಾವ ಮಿಕ್ಸ್ ಅಂತ ಗೊತ್ತಿದ್ದಾಗ ಹೆಸರಿಗೆ ಮನಸ್ಸು ವಾಲುತ್ತದೆ. ಹಾಗಾಗಿ ನಾನು ಕಣ್ಣು ಮುಚ್ಚಿ ಕೂರುತ್ತೇನೆ, ಗದಗಿನಿಂದ ಬರುವ ಗೆಳೆಯನೊಬ್ಬ ಚೀಟಿ ಎತ್ತಿ ಅದರಲ್ಲಿ ಬಂದ ಮಿಕ್ಸ್ ಹಾಕುತ್ತಾನೆ, ಬರೆದಿಟ್ಟ ವಾಲ್ಯೂಮ್ ಅಂಕಿಗೆ ತಿರುಗಿಸುತ್ತಾನೆ. ಹತ್ತು ಸಲ. ಪ್ರತಿ ಸಲ ನಾನು ಯಾವುದು ಇಷ್ಟವಾಯಿತು ಅನ್ನುವುದರ ಜೊತೆಗೆ ಯಾಕೆ ಅಂತಲೂ ಹೇಳಬೇಕು. ‘ಯಾಕೆ’ ಇಲ್ಲದ ಉತ್ತರವನ್ನು ಅವನು ಬರೆದುಕೊಳ್ಳುವುದೇ ಇಲ್ಲ.

ಆಮೇಲೆ ಅವನ ಸರದಿ. ಅವನು ತಬಲಾ ನುಡಿಸುವವನು, ರಾಕ್ ಕೇಳಿ ಅಭ್ಯಾಸವಿಲ್ಲ. ಇಂಥವರು ಸಿಕ್ಕರೆ ಬಿಡಬೇಡಿ, ಯಾವ ಮಿಕ್ಸ್‌ಗೆ ಎಷ್ಟು ಹೆಸರಿದೆ ಅನ್ನುವುದು ಅವರ ತಲೆಯಲ್ಲಿ ಇರುವುದಿಲ್ಲ. ‘ಮನಿ’ಯ ಸೋಲೊದ ಎರಡನೇ ಸುತ್ತು ಬಂದಾಗ ಅವನು ಕಣ್ಣು ಬಿಡದೆಯೇ ಹೇಳಿದ: ‘ಈಗ ನೋಡು, ಮನಶ್ಯಾ ಎದ್ದು ಹತ್ರ ಬಂದು ಕುಂತ.’ ಚೀಟಿ ತೆಗೆದು ನೋಡಿದರೆ ಕ್ವಾಡ್.

ಹೆಡ್‌ಫೋನ್ ಮತ್ತು ಸ್ಟ್ರೀಮಿಂಗ್

ಆಪಲ್ ಮ್ಯೂಸಿಕ್‌ನಲ್ಲಿ 2021ರಿಂದ ಅಟ್ಮಾಸ್ ಇದೆ. ಡಿಸ್ಕ್ ಕೊಳ್ಳುವ ಮುಂಚೆ ರುಚಿ ನೋಡಲು ಅದು ಒಳ್ಳೆಯ ದಾರಿ. ಹೆಡ್‌ಫೋನ್‌ನಲ್ಲಿ ಕೇಳುವುದು ಮಾತ್ರ ಸ್ಪೀಕರ್‌ಗಳ ಜಾಗವನ್ನು ಎರಡು ಕಿವಿಗೆ ಲೆಕ್ಕ ಹಾಕಿ ಕೊಟ್ಟ ರೂಪ. ಅದರ ಮೇಲೆ ಮಿಕ್ಸ್‌ಗೆ ತೀರ್ಪು ಕೊಡಬೇಡಿ. ಸ್ಟ್ರೀಮಿಂಗ್‌ನ ಅಟ್ಮಾಸ್ ಅನ್ನು ಒತ್ತಿ ಚಿಕ್ಕದು ಮಾಡಿರುತ್ತಾರೆ, ಬ್ಲೂ-ರೇಯಲ್ಲಿ ಏನೂ ಕಳೆದಿರುವುದಿಲ್ಲ. ಒಂದು ಮಿಕ್ಸ್ ಸ್ಟ್ರೀಮಿಂಗ್‌ನಲ್ಲಿ, ಇನ್ನೊಂದು ಬ್ಲೂ-ರೇಯಲ್ಲಿ ಕೇಳಿದ್ದರೆ ನೋಟ್‌ಬುಕ್‌ನಲ್ಲಿ ಅದನ್ನೂ ಬರೆದಿಡಿ.

ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂದರೆ ಕಿಂಗ್ ಕ್ರಿಮ್ಸನ್‌ನ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಅನ್ನುತ್ತೇನೆ. 2009ರ ಡಿವಿಡಿ-ಆಡಿಯೊದಲ್ಲಿ ಹಳೆಯ ಸ್ಟೀರಿಯೊ, ಹೊಸ ಸ್ಟೀರಿಯೊ, ಸ್ಟೀವನ್ ವಿಲ್ಸನ್ ಮತ್ತು ರಾಬರ್ಟ್ ಫ್ರಿಪ್ ಮಾಡಿದ 5.1 ಮೂರೂ ಇವೆ, ಡಿಸ್ಕ್ ಬದಲಿಸುವ ಗೋಜಿಲ್ಲ. ಮೊದಲು ಹಳೆಯ ಸ್ಟೀರಿಯೊ, ಆಮೇಲೆ ಹೊಸ ಸ್ಟೀರಿಯೊ, ಕೊನೆಗೆ 5.1, ಇದೇ ಕ್ರಮದಲ್ಲಿ ಕೇಳಿ. ಹೊಸದಾಗಿ ಮಿಕ್ಸ್ ಮಾಡಿದ್ದರಿಂದ ಬಂದ ಬದಲಾವಣೆ ಯಾವುದು, ಸ್ಪೀಕರ್ ಜಾಸ್ತಿಯಾದದ್ದರಿಂದ ಬಂದದ್ದು ಯಾವುದು ಅಂತ ಬೇರೆ ಬೇರೆಯಾಗಿ ತಿಳಿಯುತ್ತದೆ. ಒಂದು ವಾರ ಬಿಟ್ಟು ನೋಟ್‌ಬುಕ್ ತೆರೆಯದೆ ಮತ್ತೊಮ್ಮೆ ಕೇಳಿ, ಹೊಸ ಪುಟದಲ್ಲಿ ಬರೆಯಿರಿ. ಎರಡು ಪುಟ ಹೊಂದದಿದ್ದರೆ ಮೊದಲು ವಾಲ್ಯೂಮ್ ಅಂಕಿ ನೋಡಿ.